ಉಪಕರಣ ನಮ್ಮದು, ಕೀಲಿಕೈ ಯಾರದು?

ನಮ್ಮ ತೋಟದ ಅಂಚಿನಲ್ಲಿ, ಹಳ್ಳಕ್ಕೆ ಇಳಿಯುವ ದಾರಿಯ ಪಕ್ಕ, ಒಂದು ಕಬ್ಬಿಣದ ಕಂಬವಿದೆ. ಕಂಬದ ತುದಿಯಲ್ಲಿ ಅಂಗೈಯಗಲದ ಸೌರಫಲಕ, ಅದರ ಕೆಳಗೆ ಬಿಳಿಯ ಪ್ಲಾಸ್ಟಿಕ್ ಪೆಟ್ಟಿಗೆ. ಫಲಕದ ಮೇಲೆ ಈಗ ಹಾವಸೆ ಬೆಳೆದಿದೆ. ಪೆಟ್ಟಿಗೆಯೊಳಗೆ ಇರುವೆಗಳು ಸಂಸಾರ ಹೂಡಿವೆ. ಊರಿನ ಮಕ್ಕಳು ಅದನ್ನು ‘ಸತ್ತ ಪೆಟ್ಟಿಗೆ’ ಎಂದು ಕರೆಯುತ್ತಾರೆ. ಅದು ಬದುಕಿದ್ದಾಗ ಅಡಿಕೆ ಸೋಗೆಯ ಮೇಲೆ ಎಷ್ಟು ಗಂಟೆ ತೇವ ನಿಂತಿತ್ತು, ಗಾಳಿಯಲ್ಲಿ ಎಷ್ಟು ಆರ್ದ್ರತೆ ಇತ್ತು, ಎಷ್ಟು ಮಳೆ ಬಿತ್ತು ಎಂಬುದನ್ನೆಲ್ಲ ಅಳೆದು ಅಂತರ್ಜಾಲಕ್ಕೆ ಕಳುಹಿಸುತ್ತಿತ್ತು. ಅದನ್ನು ಅಲ್ಲಿ ನಿಲ್ಲಿಸುವಂತೆ ಊರವರನ್ನು ಒಪ್ಪಿಸಿದ್ದು ನಾನೇ. ಆದುದರಿಂದ ಈ ಲೇಖನವನ್ನು ದೂರು ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎಂದು ಓದಿಕೊಂಡರೂ ಸರಿಯೇ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಮುಂಗಾರು ಹಿಡಿಯುವ ಮುನ್ನ ಒಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಅಲ್ಲಿಂದ ನಲವತ್ತು–ನಲವತ್ತೈದು ದಿನಗಳ ಆಸುಪಾಸಿನಲ್ಲಿ ಎರಡನೆಯ ಸಲ. ಮೊದಲನೆಯದು ಹೇಗೋ ಆಗಿಬಿಡುತ್ತದೆ. ಎರಡನೆಯದು ಬೀಳುವುದು ಪುನರ್ವಸು–ಪುಷ್ಯ ಮಳೆಗಳ ನಡುವೆ. ಮಳೆ ಹೊಳವಾಗುವ ನಾಲ್ಕಾರು ಗಂಟೆಗಳನ್ನು ಕಾಯಬೇಕು, ಕೊನೆಗಾರ ಅದೇ ದಿನ ಸಿಗಬೇಕು, ಹೊಡೆದ ಔಷಧಿ ಒಣಗಬೇಕು. ಮೂರು ದಿನ ತಡವಾದರೆ ಉದುರಿದ ಹಸಿರು ಕಾಯಿಗಳನ್ನು ಬುಟ್ಟಿಯಲ್ಲಿ ಹೆಕ್ಕುವ ಕೆಲಸವೊಂದೇ ಉಳಿಯುತ್ತದೆ. ಯಾವ ತೋಟದಲ್ಲಿ ತೇವ ಎಷ್ಟು ಹೊತ್ತು ನಿಂತಿದೆ ಎಂಬುದನ್ನು ಅಳೆದರೆ ಯಾರು ಮೊದಲು ಹೊಡೆಯಬೇಕು, ಯಾರು ಕಾಯಬಹುದು ಎಂದು ನಿರ್ಧರಿಸುವುದು ಸುಲಭ. ಈ ಆಸೆಯಿಂದ ನಮ್ಮ ಬೆಳೆಗಾರರ ಗುಂಪು ಎಂಟು ಪೆಟ್ಟಿಗೆಗಳನ್ನು ಕೊಂಡಿತು. ಅರ್ಧ ಹಣ ಒಂದು ಯೋಜನೆಯದು, ಉಳಿದರ್ಧ ಬೆಳೆಗಾರರ ಕಿಸೆಯದು.

ಎರಡು ಮಳೆಗಾಲ ಅವು ಚೆನ್ನಾಗಿಯೇ ದುಡಿದವು. ಮೂರನೆಯ ವರ್ಷ ಜ್ಯೇಷ್ಠದಲ್ಲಿ ಎಲ್ಲರ ಮೊಬೈಲಿಗೂ ಒಂದೇ ಸಂದೇಶ ಬಂತು: ಈ ಸೇವೆಯನ್ನು ತಿಂಗಳ ಕೊನೆಗೆ ನಿಲ್ಲಿಸಲಾಗುವುದು. ಹೇಳಿದ ದಿನಕ್ಕೆ ಸರಿಯಾಗಿ ಅದು ನಿಂತಿತು. ಪೆಟ್ಟಿಗೆಗಳು ಕೆಟ್ಟಿರಲಿಲ್ಲ. ಬ್ಯಾಟರಿಯಲ್ಲಿ ಜೀವವಿತ್ತು, ಸಂವೇದಕಗಳು ತೇವವನ್ನು ಸರಿಯಾಗಿಯೇ ಗ್ರಹಿಸುತ್ತಿದ್ದವು. ಆದರೆ ಅವು ಹೇಳುವುದನ್ನು ಕೇಳುವವರು ಆ ತುದಿಯಲ್ಲಿ ಇರಲಿಲ್ಲ. ಎರಡು ಮಳೆಗಾಲದ ಲೆಕ್ಕವೂ ಅವರಲ್ಲಿಯೇ ಉಳಿಯಿತು.

ಆ ವರ್ಷ ಎರಡನೆಯ ಔಷಧಿಯ ದಿನ ಗೊತ್ತುಮಾಡಲು ನಾವು ಹೋದದ್ದು ನನ್ನ ದೊಡ್ಡಪ್ಪನ ಬಳಿಗೆ. ಅವರು ಐವತ್ತು ವರ್ಷಗಳಿಂದ ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಇಂಚು–ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವವರು. ಪುಸ್ತಕ ಬಿಡಿಸುತ್ತ ಅವರು ಹೇಳಿದ್ದು ಇಷ್ಟೇ: “ಪೆಟ್ಟಿಗೆ ನಿಮ್ಮದೇ ಅಂದಿದ್ದೆಯಲ್ಲೋ ಮಾರಾಯ. ಅದರ ಬೀಗದ ಕೈ ಯಾರ ಹತ್ತಿರ ಇತ್ತು?”

ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಬರಹ.

ಪೆಟ್ಟಿಗೆಯೊಳಗೆ ಏನಿದೆ?

ಅಂತರ್ಜಾಲಕ್ಕೆ ಜೋಡಿಸಿದ ಯಾವುದೇ ಉಪಕರಣದಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಸಂವೇದಕ: ಮಳೆ, ತೇವ, ಉಷ್ಣತೆ, ನೀರಿನ ಮಟ್ಟ, ಹೀಗೆ ಒಂದನ್ನು ಅಳೆಯುವುದು. ಎರಡನೆಯದು ಪುಟ್ಟ ಗಣಕ, ಅಂದರೆ ಮೈಕ್ರೋಕಂಟ್ರೋಲರ್: ಅಳತೆಯನ್ನು ಅಂಕಿಯಾಗಿ ಬದಲಿಸುವುದು. ಮೂರನೆಯದು ಸಂಪರ್ಕದ ಭಾಗ: ವೈ-ಫೈ, ಸಿಮ್ ಕಾರ್ಡ್ ಅಥವಾ ರೇಡಿಯೋ. ಈ ಮೂರೂ ನಮ್ಮ ಕಂಬದ ಮೇಲೆ ಇರುತ್ತವೆ. ನಾಲ್ಕನೆಯದು ಮಾತ್ರ ಅಲ್ಲಿರುವುದಿಲ್ಲ. ಅದು ದೂರದ ಯಾವುದೋ ನಗರದ ಹೊರವಲಯದಲ್ಲಿ, ಹಗಲಿರುಳೂ ತಂಪು ಗಾಳಿ ಊದಿಸಿಕೊಳ್ಳುವ ಗೋದಾಮಿನಲ್ಲಿರುವ ಕಂಪ್ಯೂಟರ್. ಅದಕ್ಕೆ ‘ಕ್ಲೌಡ್’ ಎಂಬ ಹೆಸರು. ಮೋಡದ ಅಡಿಯಲ್ಲಿಯೇ ವರ್ಷದ ಐದು ತಿಂಗಳು ಬದುಕುವ ನಮಗೆ ಈ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಮೋಡ ಯಾರ ಸ್ವತ್ತೂ ಅಲ್ಲ. ಕ್ಲೌಡ್ ಮಾತ್ರ ಒಬ್ಬರ ಸ್ವತ್ತು, ಅದಕ್ಕೆ ಬಾಡಿಗೆಯೂ ಉಂಟು.

ಕೀಲಿಕೈಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಅನ್ಯರು ನಡುವೆ ನುಗ್ಗಿ ಸುಳ್ಳು ಅಂಕಿ ಸೇರಿಸಬಾರದೆಂದು, ಪ್ರತಿಯೊಂದು ಪೆಟ್ಟಿಗೆಯ ಸ್ಮೃತಿಯಲ್ಲಿ ಎರಡು ಗುಪ್ತಸಂಖ್ಯೆಗಳನ್ನು ಬರೆದಿರುತ್ತಾರೆ. ಒಂದು ಆ ಪೆಟ್ಟಿಗೆಯ ಗುರುತು. ಇನ್ನೊಂದು ಅದು ಯಾವ ಸರ್ವರನ್ನು ನಂಬಬೇಕೋ ಅದರ ಗುರುತು. ಪೆಟ್ಟಿಗೆ ಎಚ್ಚೆತ್ತಾಗಲೆಲ್ಲ ಆ ಒಂದು ವಿಳಾಸಕ್ಕೆ ಕರೆ ಮಾಡಿ, ಗುರುತು ಹೊಂದಿದರೆ ಮಾತ್ರ ಮಾತನಾಡುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಉತ್ತಮ ವಿಧಾನ. ಆದರೆ ಆ ವಿಳಾಸವನ್ನೂ ಗುರುತನ್ನೂ ಬದಲಿಸುವ ಅಧಿಕಾರ ಕೊಂಡವನಿಗೆ ಇಲ್ಲದಿದ್ದರೆ, ಸರ್ವರ್ ಮುಚ್ಚಿದ ದಿನ ಆ ಪೆಟ್ಟಿಗೆ ಜಗತ್ತಿನಲ್ಲಿ ಮತ್ತಾರೊಡನೆಯೂ ಮಾತನಾಡದು. ನಮ್ಮ ಪೆಟ್ಟಿಗೆಗೆ ಆದದ್ದೂ ಅದೇ.

ಎರಡು ಊರುಗಳ ಕಥೆ

ಇಂತಹ ಉಪಕರಣಗಳನ್ನು ಮಾಡುವ ವಿದ್ಯೆ ಸಾಮಾನ್ಯ ಜನರ ಕೈಗೆ ಬಂದದ್ದು ಇತ್ತೀಚೆಗೆ. ಅದರ ಇತಿಹಾಸದಲ್ಲಿಯೇ ಎರಡು ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯ ದಾರಿ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಇವ್ರೆಯಾ ಎಂಬ ಊರಿನಿಂದ ಹೊರಟಿದೆ. ಪೀಡ್‌ಮಾಂಟ್ ಎಂದರೆ ‘ಬೆಟ್ಟದ ಬುಡ’ ಎಂದೇ ಅರ್ಥ. ಊರು ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿದೆ. ಒಂದು ಕಾಲಕ್ಕೆ ಒಲಿವೆಟ್ಟಿ ಬೆರಳಚ್ಚು ಯಂತ್ರಗಳಿಗೆ ಹೆಸರಾಗಿದ್ದ ಆ ಊರಿನ ವಿನ್ಯಾಸ ವಿದ್ಯಾಸಂಸ್ಥೆಯಲ್ಲಿ, 2005ರಲ್ಲಿ ಮಾಸ್ಸಿಮೋ ಬಾಂಜಿ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗಾಗಿ ಒಂದು ಅಗ್ಗದ ಪುಟ್ಟ ಗಣಕ ಫಲಕವನ್ನು ರೂಪಿಸಿದರು. ಅದೇ ಸಂಸ್ಥೆಯಲ್ಲಿ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೋ ಬರ್ರಗಾನ್ ಮಾಡಿದ್ದ ‘ವೈರಿಂಗ್’ ಎಂಬ ಕೆಲಸ ಅದಕ್ಕೆ ತಳಹದಿಯಾಗಿತ್ತು. ಹೊಸ ಫಲಕಕ್ಕೆ ಊರಿನ ಪಾನಗೃಹವೊಂದರ ಹೆಸರನ್ನೇ ಇಟ್ಟರು: ಆರ್ಡುಯಿನೋ. ಅಷ್ಟರಲ್ಲಿ ವಿದ್ಯಾಸಂಸ್ಥೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಸಂಸ್ಥೆಯೊಂದಿಗೆ ತಮ್ಮ ಕೆಲಸವೂ ಮಣ್ಣಾಗಬಾರದೆಂದು ಅವರು ಫಲಕದ ನಕ್ಷೆಯನ್ನೂ ತಂತ್ರಾಂಶವನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ನೋಡಬಹುದು, ಮಾಡಬಹುದು, ತಿದ್ದಬಹುದು. ಸಂಸ್ಥೆ ಮುಚ್ಚಿತು; ಫಲಕ ಜಗತ್ತಿನ ತುಂಬ ಹಬ್ಬಿತು. ಇಂದು ನಮ್ಮ ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಅದರ ಪ್ರತಿರೂಪಗಳಿಲ್ಲದೆ ಪಾಠ ನಡೆಯದು. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್‌ಕಾಮ್ ಕಂಪೆನಿ ಆರ್ಡುಯಿನೋವನ್ನು ಕೊಳ್ಳುವುದಾಗಿ ಘೋಷಿಸಿತು. ಕಂಪೆನಿಯನ್ನು ಕೊಳ್ಳಬಹುದು, ಆದರೆ ಈಗಾಗಲೇ ಹಂಚಿಹೋದ ನಕ್ಷೆಯನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಎರಡನೆಯ ದಾರಿ ಅಮೆರಿಕದ್ದು. ಜ್ಯಾಕ್ ಸುಪಾಲಾ ಎಂಬವರ ತಂದೆಗೆ ಕಿವಿ ಕೇಳಿಸದು. ಮೊಬೈಲಿಗೆ ಸಂದೇಶ ಬಂದಾಗ ಮನೆಯ ದೀಪ ಮಿನುಗಿ ಅವರಿಗೆ ತಿಳಿಯುವಂತೆ ಮಾಡಬೇಕೆಂಬ ಹಂಬಲದಿಂದ ಹುಟ್ಟಿದ ಕೆಲಸ ಒಂದು ಕಂಪೆನಿಯಾಯಿತು. ದೀಪದ ಉಪಕರಣಕ್ಕೆ ಸಾಕಷ್ಟು ಹಣ ಕೂಡಲಿಲ್ಲ. ಆದರೆ 2013ರಲ್ಲಿ ‘ಸ್ಪಾರ್ಕ್ ಕೋರ್’ ಎಂಬ ವೈ-ಫೈ ಫಲಕಕ್ಕಾಗಿ ಅವರು ಸಾರ್ವಜನಿಕರಲ್ಲಿ 10,000 ಡಾಲರು ಕೇಳಿದಾಗ 5 ಲಕ್ಷ 60 ಸಾವಿರ ಡಾಲರಿಗೂ ಹೆಚ್ಚು ಹರಿದುಬಂತು. ಕಂಪೆನಿ 2015ರಲ್ಲಿ ‘ಪಾರ್ಟಿಕಲ್’ ಎಂದು ಹೆಸರು ಬದಲಿಸಿಕೊಂಡಿತು. 19 ಡಾಲರಿನ ‘ಫೋಟಾನ್’, ಸಿಮ್ ಕಾರ್ಡಿನಿಂದ ನಡೆಯುವ ‘ಎಲೆಕ್ಟ್ರಾನ್’ ಮುಂತಾದವು ಬಂದವು. ಇದರ ಸೊಗಸೆಂದರೆ ಫಲಕ, ಸಿಮ್, ಸರ್ವರ್, ತಂತ್ರಾಂಶ ಎಲ್ಲವೂ ಒಂದೇ ಅಂಗಡಿಯಲ್ಲಿ ದೊರೆಯುವುದು. ಸಾವಿರ ಮೈಲಿ ದೂರದ ಉಪಕರಣದೊಳಗಿನ ತಂತ್ರಾಂಶವನ್ನು ಕುಳಿತಲ್ಲಿಂದಲೇ ತಿದ್ದಬಹುದು. ಆರಂಭದಲ್ಲಿ ಈ ಕಂಪೆನಿ ತನ್ನ ಸರ್ವರಿನ ಸರಳ ಆವೃತ್ತಿಯೊಂದನ್ನು ಸಾರ್ವಜನಿಕರಿಗೆ ತೆರೆದಿಟ್ಟಿತ್ತು ಎಂಬುದನ್ನೂ ಹೇಳಬೇಕು. ಆದರೂ ಅದರ ಜೀವನೋಪಾಯ ಫಲಕದ ಮಾರಾಟಕ್ಕಿಂತ ಕ್ಲೌಡಿನ ಚಂದಾಹಣವನ್ನೇ ನೆಚ್ಚುತ್ತ ಹೋಯಿತು. 2018ರಲ್ಲಿ ಅದು ‘ಮೆಶ್’ ಎಂಬ, ಉಪಕರಣಗಳು ಒಂದರ ಕೈ ಒಂದು ಹಿಡಿದು ಸುದ್ದಿ ದಾಟಿಸುವ ಪದ್ಧತಿಯನ್ನು ಘೋಷಿಸಿತು. 2020ರ ಜನವರಿಯಲ್ಲಿ ಅದನ್ನು ಕೈಬಿಡುವುದಾಗಿಯೂ, ಅದಕ್ಕೆಂದೇ ಮಾಡಿದ್ದ ‘ಕ್ಸೆನಾನ್’ ಫಲಕವನ್ನು ನಿಲ್ಲಿಸುವುದಾಗಿಯೂ ತಿಳಿಸಿತು. ಇದರಲ್ಲಿ ಮೋಸವಿಲ್ಲ, ವ್ಯಾಪಾರದ ಲೆಕ್ಕಾಚಾರವಷ್ಟೇ ಇದೆ. ಆದರೆ ಆ ಲೆಕ್ಕಾಚಾರ ನಡೆದದ್ದು ಅವರ ಮೇಜಿನ ಮೇಲೆ. ಕ್ಸೆನಾನನ್ನು ನಂಬಿ ಉಪಕರಣ ಕಟ್ಟಿದವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ಮುಚ್ಚಿದ ಬಾಗಿಲುಗಳು

ಇದು ಒಂದೇ ಕಂಪೆನಿಯ ಮಾತಲ್ಲ. ಅಮೆರಿಕದಲ್ಲಿ ಮನೆಯ ದೀಪ, ಬೀಗಗಳನ್ನು ನಿಯಂತ್ರಿಸುವ ‘ರಿವಾಲ್ವ್’ ಎಂಬ ಸುಮಾರು 300 ಡಾಲರಿನ ಸಾಧನವನ್ನು ಜೀವಮಾನದ ಸೇವೆಯ ಭರವಸೆ ಕೊಟ್ಟು ಮಾರಿದ್ದರು. 2014ರಲ್ಲಿ ಅದನ್ನು ನೆಸ್ಟ್ ಕಂಪೆನಿ ಕೊಂಡಿತು; 2016ರ ಮೇ 15ರಂದು ಸರ್ವರ್ ಆರಿಸಲಾಯಿತು. ಸಾಧನ ಕೇವಲ ಡಬ್ಬಿಯಾಯಿತು. ‘ಜೀವಮಾನ’ ಯಾರದು ಎಂದು ಕೊಂಡವರು ಕೇಳಿರಲಿಲ್ಲ. 2022ರ ಏಪ್ರಿಲಿನಲ್ಲಿ ‘ಇನ್‌ಸ್ಟಿಯಾನ್’ ಎಂಬ ಇಂಥದೇ ಕಂಪೆನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಕತ್ತಲಾದವು. ಕೊನೆಗೆ ಅದರ ಬಳಕೆದಾರರ ಗುಂಪೊಂದೇ ಕಂಪೆನಿಯನ್ನು ಕೊಂಡು ಮತ್ತೆ ದೀಪ ಹಚ್ಚಬೇಕಾಯಿತು. ಚಿಕ್ಕವರನ್ನು ಬಿಡಿ. ಗೂಗಲ್‌ನಂಥ ದೈತ್ಯ ಕಂಪೆನಿ ಇಂತಹ ಉಪಕರಣಗಳಿಗೆಂದೇ 2017ರಲ್ಲಿ ಘೋಷಿಸಿದ ಕ್ಲೌಡ್ ಸೇವೆಯನ್ನು 2023ರ ಆಗಸ್ಟ್ 16ರಂದು ನಿಲ್ಲಿಸಿತು. ಒಂದು ವರ್ಷದ ಮುನ್ಸೂಚನೆ ಕೊಟ್ಟಿತ್ತು, ನಿಜ. ಆರು ವರ್ಷವೆಂದರೆ ನಗರದ ತಂತ್ರಜ್ಞರಿಗೆ ಒಂದು ಯುಗ. ನಮಗೋ? ಇಂದು ನೆಟ್ಟ ಅಡಿಕೆ ಸಸಿ ಸರಿಯಾಗಿ ಫಸಲು ಕೊಡುವುದಕ್ಕೇ ಅಷ್ಟು ವರ್ಷ ಬೇಕು.

ಮಲೆನಾಡಿನ ಕಾಲಮಾನ ಬೇರೆ ಎಂಬುದೇ ಇಲ್ಲಿನ ಮುಖ್ಯ ಮಾತು. ಮಳೆಯ ಸ್ವಭಾವ ಬದಲಾಗಿದೆಯೇ ಇಲ್ಲವೇ ಎಂದು ಹೇಳಲು ಎರಡು ವರ್ಷದ ಅಂಕಿಗಳು ಸಾಲವು; ಹವಾಮಾನ ವಿಜ್ಞಾನ ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯನ್ನು ಕೇಳುತ್ತದೆ. ಹಳ್ಳ ಬೇಸಿಗೆಯಲ್ಲಿ ಯಾವ ತಿಂಗಳಿಗೆ ಬತ್ತುತ್ತದೆ, ಒರತೆ ಎಷ್ಟು ಹಿಂದೆ ಸರಿದಿದೆ, ಗುಡ್ಡ ಕುಸಿಯುವ ಮುನ್ನ ಎಷ್ಟು ದಿನ ಎಷ್ಟು ಮಳೆ ಸುರಿದಿತ್ತು ಎಂಬ ಪ್ರಶ್ನೆಗಳಿಗೆ ಮುರಿಯದ ದೀರ್ಘ ದಾಖಲೆ ಬೇಕು. ಅಣೆಕಟ್ಟಿನ ವಿರುದ್ಧವೋ ಗಣಿಯ ವಿರುದ್ಧವೋ ನಾವು ಅಹವಾಲು ಸಲ್ಲಿಸುವಾಗ ಅಧಿಕಾರಿಗಳು ಕೇಳುವುದೂ ಅಂಕಿ-ಅಂಶವನ್ನೇ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಹವಾಮಾನದ ಅಂಕಿಯ ಮೇಲೆ. ಕೊಳೆತು ಉದುರಿದ ಕಾಯಿಯನ್ನು ಎಣಿಸಿ ಅಲ್ಲ. ಹಾಗಿರುವಾಗ ನಮ್ಮ ಊರಿನ ಮಳೆಯ ಲೆಕ್ಕವೇ ನಮ್ಮ ಕೈಯಲ್ಲಿಲ್ಲದಿದ್ದರೆ ನಾವು ಯಾವ ಮುಖದಿಂದ ವಾದಿಸಬೇಕು? 2023ರ ದತ್ತಾಂಶ ಸಂರಕ್ಷಣೆಯ ಕಾನೂನು ಕಾಯುವುದು ವ್ಯಕ್ತಿಯ ಖಾಸಗಿ ಮಾಹಿತಿಯನ್ನು. ಒಂದು ಊರಿನ ಮಳೆ ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಮೈಲುತುತ್ತ–ಸುಣ್ಣದ ಪಾಠ

ಇಷ್ಟು ಓದಿದ ಮೇಲೆ, ಹೊರಗಿನಿಂದ ಬಂದ ತಂತ್ರಜ್ಞಾನವೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ನಾವು ಪ್ರತಿವರ್ಷ ತೋಟಕ್ಕೆ ಹೊಡೆಯುವ ಔಷಧಿಯೇ ಹೊರಗಿನದು.

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೇಲಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲಿಲ್ಲವೆಂಬುದನ್ನು ಮಿಲ್ಲಾರ್ದೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ದ್ರಾವಣದ ವಿಧಾನವನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿದರು. 1910ರಲ್ಲಿ ಅವರ ವರದಿ ಪ್ರಕಟವಾಯಿತು. ಅದುವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ನಮ್ಮ ಹಿರಿಯರು ಕ್ರಮೇಣ ಈ ದ್ರಾವಣಕ್ಕೆ ಒಲಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಪ್ರಯೋಗಶಾಲೆಯೂ ಬೇಡ: ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಈ ಪರೀಕ್ಷೆಯನ್ನು ಮೂರನೆಯ ತರಗತಿ ಓದಿದ ಬೆಳೆಗಾರನೂ ಮಾಡುತ್ತಾನೆ, ಪಿಎಚ್‌.ಡಿ. ಮಾಡಿದವರೂ ಮಾಡುತ್ತಾರೆ.

ಫ್ರಾನ್ಸಿನಲ್ಲಿ ಹುಟ್ಟಿದ ವಿದ್ಯೆ ಕೆನಡಾದವರೊಬ್ಬರ ಮೂಲಕ ಬಂದು ಒಂದು ಶತಮಾನಕ್ಕೂ ಮೀರಿ ನಮ್ಮದಾಗಿ ಉಳಿದದ್ದು ಏಕೆ? ಪಾಕವಿಧಾನವನ್ನು ನಮ್ಮ ಕೈಗೇ ಕೊಟ್ಟರು, ಅದಕ್ಕಾಗಿ. ಮಿಲ್ಲಾರ್ದೆಯವರ ಮನೆ ಬಾಗಿಲು ಮುಚ್ಚಿದರೂ ನಮ್ಮ ಹಂಡೆಯಲ್ಲಿ ದ್ರಾವಣ ತಯಾರಾಗುತ್ತದೆ. ತಾಮ್ರ ಮಣ್ಣಿನಲ್ಲಿ ಸೇರುತ್ತ ಹೋಗುವ ತೊಂದರೆಯೂ ಅದಕ್ಕಿದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಆ ತೊಂದರೆಯನ್ನು ಅಳೆಯುವುದಕ್ಕೂ ಪ್ರಮಾಣವನ್ನು ತಿದ್ದುವುದಕ್ಕೂ ನಮಗೆ ಸಾಧ್ಯವಾಗುವುದು ಅದರಲ್ಲಿ ಏನಿದೆ ಎಂಬುದು ಗೊತ್ತಿರುವುದರಿಂದಲೇ.

ಬೀಜದ ವಿಷಯದಲ್ಲಿ ಈ ಪಾಠವನ್ನು ನಮ್ಮ ಚಳವಳಿಗಳು ಬಹಳ ಹಿಂದೆಯೇ ಕಲಿತಿವೆ. ಸಂಕರಣ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು. ಮನೆಯ ಬೀಜವನ್ನು ಕಣಜದಲ್ಲಿ ತೆಗೆದಿಡಬಹುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆ, ಬೆಳೆದ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ ರೈತನ ಹಕ್ಕನ್ನು ಬರಹದಲ್ಲಿ ಒಪ್ಪಿಕೊಂಡಿದೆ. ಉಪಕರಣದ ವಿಷಯದಲ್ಲಿ ಅಂಥ ಕಾಯಿದೆ ನಮ್ಮಲ್ಲಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದರ ವ್ಯಾಪ್ತಿಗೆ ಕೃಷಿ ಸಲಕರಣೆಗಳನ್ನೂ ಸೇರಿಸಿತು. ಒಳ್ಳೆಯ ಆರಂಭ. ಆದರೆ ಮುರಿದ ಗೇರು ಬದಲಿಸುವ ಹಕ್ಕಿನಷ್ಟೇ ಮುಖ್ಯವಾದುದು ಮುಚ್ಚಿದ ಸರ್ವರನ್ನು ಬದಲಿಸುವ ಹಕ್ಕು.

ಎದುರು ವಾದಕ್ಕೂ ಕಿವಿಗೊಡೋಣ

ನನ್ನ ಪರಿಚಯದ ತಂತ್ರಜ್ಞರೊಬ್ಬರು ಈ ಮಾತುಗಳನ್ನು ಕೇಳಿ ಒಂದು ನ್ಯಾಯವಾದ ಪ್ರಶ್ನೆ ಹಾಕಿದರು: “ನಿಮ್ಮ ಊರಿನ ಸರ್ವರನ್ನು ಕಾಯುವವರು ಯಾರು?” ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ರೌಟರುಗಳಿಗೆ 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಹೊಕ್ಕು, ಅವುಗಳ ಮೂಲಕವೇ ಅಂತರ್ಜಾಲದ ಒಂದು ಭಾಗವನ್ನು ನಿಲ್ಲಿಸಿಬಿಟ್ಟಿತ್ತು. ಉಪಕರಣದ ತಂತ್ರಾಂಶವನ್ನು ಕಾಲಕಾಲಕ್ಕೆ ತಿದ್ದದಿದ್ದರೆ ಅದು ಊರಿಗೂ ಅಪಾಯ, ಪರರಿಗೂ ಅಪಾಯ. ಕ್ಲೌಡ್ ಕಂಪೆನಿಗಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತವೆ. ಅದಕ್ಕೆ ಸಂಬಳ ಪಡೆಯುವ ಜನರನ್ನು ಇಟ್ಟಿರುತ್ತವೆ. ಸಂಘದ ಕಾರ್ಯದರ್ಶಿ ಬದಲಾದರೆ ಬೀರುವಿನ ಕೀಲಿಯೇ ಕಳೆದುಹೋಗುವ ನಮ್ಮಲ್ಲಿ ಸರ್ವರನ್ನು ಹತ್ತು ವರ್ಷ ಕಾಯುವುದು ಸುಲಭವಲ್ಲ.

ಈ ವಾದವನ್ನು ನಾನು ಒಪ್ಪುತ್ತೇನೆ. ಆದುದರಿಂದಲೇ ನನ್ನ ಬೇಡಿಕೆ ‘ಕ್ಲೌಡ್ ಬೇಡ’ ಎಂಬುದಲ್ಲ; ‘ಕ್ಲೌಡ್ ಸತ್ತರೂ ಉಪಕರಣ ಬದುಕಿರಬೇಕು’ ಎಂಬುದು. ಇವೆರಡರ ನಡುವೆ ಬಹಳ ಅಂತರವಿದೆ. ಕೆಲಸದವರನ್ನು ಇಟ್ಟುಕೊಳ್ಳುವುದು ಒಂದು, ಮನೆಯ ಪತ್ರವನ್ನೇ ಅವರ ಹೆಸರಿಗೆ ಬರೆಯುವುದು ಇನ್ನೊಂದು.

ಇದು ತಾಂತ್ರಿಕವಾಗಿ ಕಷ್ಟವೂ ಅಲ್ಲ. ಹದಿನೈದು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96 ದಾಖಲೆ, ವರ್ಷಕ್ಕೆ 35,040. ಒಂದೊಂದಕ್ಕೆ ಐವತ್ತು ಅಕ್ಷರಗಳೆಂದರೂ ವರ್ಷದ ಲೆಕ್ಕ ಎರಡು ಮೆಗಾಬೈಟನ್ನು ದಾಟದು. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೇ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ. ಕೆಲವು ನೂರು ರೂಪಾಯಿಯ ಮೆಮೊರಿ ಕಾರ್ಡಿನಲ್ಲಿ ನಮ್ಮ ಮೊಮ್ಮಕ್ಕಳ ಕಾಲದ ಮಳೆಗೂ ಜಾಗ ಉಳಿದೀತು. ಹಾಗಿದ್ದೂ ನಮ್ಮ ಎಂಟು ಪೆಟ್ಟಿಗೆಗಳಲ್ಲಿ ಒಂದರಲ್ಲಿಯೂ ಆ ಕಾರ್ಡು ಇರಲಿಲ್ಲ. ಇರಬೇಕೆಂದು ನಾವು ಕೇಳಿರಲಿಲ್ಲ.

ಸಂಪರ್ಕದ ವಿಷಯದಲ್ಲಿಯೂ ದಾರಿಗಳಿವೆ. ‘ಲೋರಾ’ ಎಂಬ ರೇಡಿಯೋ ಪದ್ಧತಿ ಅತ್ಯಲ್ಪ ವಿದ್ಯುತ್ತಿನಲ್ಲಿ ಕಿಲೋಮೀಟರುಗಟ್ಟಲೆ ಸುದ್ದಿ ಮುಟ್ಟಿಸಬಲ್ಲದು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದು. 2015ರಲ್ಲಿ ಆಮ್‌ಸ್ಟರ್‌ಡಾಮ್ ನಗರದ ನಾಗರಿಕರು ತಮ್ಮ ಮಾಡುಗಳ ಮೇಲೆ ತಾವೇ ಇಂಥ ಗ್ರಾಹಕ ಪೆಟ್ಟಿಗೆಗಳನ್ನಿಟ್ಟು ಊರಿಗೆಲ್ಲ ಜಾಲ ಹರಡಿದರು. ಅದು ಸಪಾಟು ನೆಲದ ಊರು. ನಮ್ಮಲ್ಲಿ ಗುಡ್ಡ ಅಡ್ಡ ಬರುತ್ತದೆ, ಮಳೆಗಾಲದ ಒದ್ದೆ ಸೊಪ್ಪು ರೇಡಿಯೋ ಅಲೆಯನ್ನು ಹೀರುತ್ತದೆ, ಆಷಾಢದಲ್ಲಿ ಸೌರಫಲಕಕ್ಕೆ ಬಿಸಿಲು ಸಿಗದು. ಆದ್ದರಿಂದ ಅವರ ನಕಲು ನಮಗೆ ನಡೆಯದು. ಆದರೆ ಎತ್ತರದ ಶಾಲೆಯ ಮಾಡಿನ ಮೇಲೊಂದು ಗ್ರಾಹಕ, ಶಾಲೆಯ ಕಂಪ್ಯೂಟರಿನಲ್ಲೊಂದು ಪ್ರತಿ ಎಂಬಷ್ಟರಿಂದ ಆರಂಭಿಸಬಹುದು.

ವಾಲ್ಪಾರೈಯ ಕೆಂಪು ದೀಪ

ಬೆಟ್ಟದ ಜನರಿಗೆ ಹೊಂದುವ ಉಪಕರಣ ಹೇಗಿರಬೇಕೆಂಬುದಕ್ಕೆ ನಮ್ಮದೇ ಪಶ್ಚಿಮಘಟ್ಟದಲ್ಲಿ ಒಂದು ಮಾದರಿಯಿದೆ. ತಮಿಳುನಾಡಿನ ಆನೈಮಲೈ ಶ್ರೇಣಿಯ ವಾಲ್ಪಾರೈ ಸುಮಾರು 220 ಚದರ ಕಿಲೋಮೀಟರಿನ ಚಹಾ–ಕಾಫಿ ತೋಟಗಳ ಪ್ರಸ್ಥಭೂಮಿ. ಸುತ್ತಲೂ ಕಾಡು, ನಡುವೆ ಆನೆಗಳ ಓಡಾಟ. ಸಂಜೆ ಬಸ್ಸಿಳಿದು ಮನೆಗೆ ನಡೆಯುವ ಕಾರ್ಮಿಕರು ಕತ್ತಲಲ್ಲಿ ಆನೆಗೆ ಎದುರಾಗಿ ಸಾಯುತ್ತಿದ್ದರು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಆನಂದಕುಮಾರ್ ಮತ್ತು ಸಂಗಡಿಗರು ಸ್ಥಳೀಯರೊಡನೆ ಕೂಡಿ ಆನೆಗಳಿರುವ ಜಾಗವನ್ನು ಕೇಬಲ್ ಟಿ.ವಿ.ಯಲ್ಲಿ, ಆಮೇಲೆ ಮೊಬೈಲ್ ಸಂದೇಶಗಳಲ್ಲಿ ತಿಳಿಸತೊಡಗಿದರು. ಎತ್ತರದ ತಾಣಗಳಲ್ಲಿ ಕೆಂಪು ದೀಪಗಳನ್ನೂ ನಿಲ್ಲಿಸಿದರು. ಹತ್ತಿರದಲ್ಲಿ ಆನೆಯಿದ್ದರೆ ಜವಾಬ್ದಾರಿ ಹೊತ್ತವರು ಮೊಬೈಲಿನಿಂದ ಕರೆ ಮಾಡುತ್ತಾರೆ, ದೀಪ ಮಿನುಗುತ್ತದೆ, ದಾರಿಯಲ್ಲಿ ಬರುವವರು ನಿಲ್ಲುತ್ತಾರೆ. ಸಾವುಗಳು ಕಡಿಮೆಯಾದವು. 2015ರಲ್ಲಿ ಈ ಕೆಲಸಕ್ಕೆ ಆನಂದಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು.

ಇದೂ ಮೊಬೈಲ್ ಗೋಪುರವನ್ನು ಅವಲಂಬಿಸಿದ ಉಪಕರಣವೇ. ಆದರೆ ಅದರಲ್ಲಿ ಅಡಗಿರುವುದು ಏನೂ ಇಲ್ಲ: ಒಂದು ಸಿಮ್, ಒಂದು ಸ್ವಿಚ್ಚು, ಒಂದು ದೀಪ. ದೀಪ ಹಚ್ಚುವ ತೀರ್ಮಾನ ಆ ಬೆಟ್ಟದಲ್ಲಿಯೇ ಬದುಕುವವರದು. ಸಿಮ್ ಕಂಪೆನಿ ಬದಲಾದರೆ ಬೇರೆ ಸಿಮ್ ಹಾಕಬಹುದು.

ಕೇಳಬೇಕಾದ ಐದು ಪ್ರಶ್ನೆಗಳು

ಈಗ ನಮ್ಮ ಊರುಗಳಿಗೆ ಮಣ್ಣಿನ ತೇವ ಅಳೆಯುವ, ಪಂಪು ಚಾಲೂ ಮಾಡುವ, ಕಾಡುಪ್ರಾಣಿಯ ಸುಳಿವು ಕೊಡುವ ಪೆಟ್ಟಿಗೆಗಳನ್ನು ಹಿಡಿದು ಮಾರಾಟಗಾರರೂ ಯೋಜನೆಗಳೂ ಬರುತ್ತಿವೆ. ಬರಲಿ. ಆದರೆ ಸಹಿ ಹಾಕುವ ಮುನ್ನ ಸಂಘದ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕೆಂದು ವಿನಂತಿ.

1. ಅಂತರ್ಜಾಲವಿಲ್ಲದಿದ್ದಾಗಲೂ ಅಳತೆ ಪೆಟ್ಟಿಗೆಯೊಳಗೆ ಉಳಿಯುತ್ತದೆಯೇ? ಅದನ್ನು ನಾವೇ ತೆಗೆದು ಓದಬಹುದೇ?

2. ಸೇವೆ ನಿಂತರೆ, ಸರ್ವರಿನ ವಿಳಾಸವನ್ನೂ ಗುರುತನ್ನೂ ನಾವು ಬದಲಿಸಲು ಬೇಕಾದ ಕೀಲಿಯನ್ನು ಕೊಡುತ್ತೀರಾ?

3. ಇದುವರೆಗಿನ ಎಲ್ಲ ಅಂಕಿಗಳ ಪ್ರತಿಯನ್ನು ಪ್ರತಿ ಮಳೆಗಾಲದ ಕೊನೆಗೆ ಸಂಘಕ್ಕೆ ಕೊಡುತ್ತೀರಾ? ಅವುಗಳನ್ನು ಬೇರೆ ಯಾರಿಗೆ ಮಾರುತ್ತೀರಿ?

4. ಸೂಚನಾ ಅವಧಿ ಎಷ್ಟು? ಒಂದು ಬೆಳೆಯ ಋತು ಮುಗಿಯುವವರೆಗಾದರೂ ಸೇವೆ ಮುಂದುವರಿಯುವುದೇ?

5. ಕೆಟ್ಟ ಬ್ಯಾಟರಿ ಮತ್ತು ಪೆಟ್ಟಿಗೆಗಳನ್ನು ಹಿಂದಕ್ಕೆ ಒಯ್ಯುವವರು ಯಾರು? ಹಳ್ಳದ ದಂಡೆಯಲ್ಲಿ ಲಿಥಿಯಂ ಬ್ಯಾಟರಿ ತುಕ್ಕು ಹಿಡಿಯಬಾರದು.

ಸಾರ್ವಜನಿಕ ಹಣದಿಂದ ಕೊಳ್ಳುವ ಉಪಕರಣಗಳಿಗೆ ಈ ಐದೂ ಟೆಂಡರಿನ ಷರತ್ತುಗಳಾಗಬೇಕು. ಗ್ರಾಮಸಭೆಗಳು ನಿರ್ಣಯ ಮಾಡಿ ಕಳುಹಿಸಿದರೆ ಈ ಬೇಡಿಕೆಗೆ ಬಲ ಬರುತ್ತದೆ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟು ಪರೀಕ್ಷಕರಿಗೆ ತೋರಿಸಿದ ಮರುದಿನ ಕಪಾಟು ಸೇರುವುದು ಬೇಡ. ನಿಮ್ಮದೇ ಊರಿನ ಒಂದು ಹಳ್ಳವನ್ನೋ ತೋಟವನ್ನೋ ಆರಿಸಿ, ಎಲ್ಲರಿಗೂ ತೆರೆದ ನಕ್ಷೆಯ ಫಲಕದಲ್ಲಿ ಒಂದು ಮಳೆಮಾಪಕ ಕಟ್ಟಿ. ಅದರ ನಕ್ಷೆಯನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿ. ಪಕ್ಕದಲ್ಲೊಂದು ಸಾಮಾನ್ಯ ಮಳೆಮಾಪಕವನ್ನೂ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಕೈಯಿಂದ ಅಳೆದು ಪುಸ್ತಕಕ್ಕೆ ಬರೆಯಿರಿ. ಯಂತ್ರದ ಕೊಳವೆಗೆ ಒಣಗಿದ ಎಲೆ ಬಿದ್ದ ದಿನ ಪುಸ್ತಕ ಸತ್ಯ ಹೇಳುತ್ತದೆ. ನಿಮಗೆ ಜ್ವರ ಬಂದ ದಿನ ಯಂತ್ರ ಹೇಳುತ್ತದೆ.

ನಮ್ಮ ತೋಟದ ಸತ್ತ ಪೆಟ್ಟಿಗೆಯನ್ನು ಕಳೆದ ತಿಂಗಳು ಕೆಳಗಿಳಿಸಿದೆ. ಪಕ್ಕದ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಇರುವೆಗಳನ್ನು ಎಬ್ಬಿಸಿ, ಹಳೆಯ ಗಣಕವನ್ನು ತೆಗೆದು, ಅದೇ ಸಂವೇದಕಗಳಿಗೆ ಬೇರೆ ಫಲಕ ಮತ್ತು ಮೆಮೊರಿ ಕಾರ್ಡು ಜೋಡಿಸಿದ್ದಾರೆ. ಎಲೆಯ ತೇವದ ಅಂಕಿ ಬರುತ್ತಿದೆ. ಮಳೆಯ ಅಂಕಿ ಇನ್ನೂ ದೊಡ್ಡಪ್ಪನ ಪುಸ್ತಕಕ್ಕೆ ಹೊಂದುತ್ತಿಲ್ಲ. ಆದರೆ ಎಲ್ಲಿ ತಪ್ಪಿದೆ ಎಂದು ನಾವು ಬಿಚ್ಚಿ ನೋಡಬಹುದು. ಬರುವ ಮುಂಗಾರಿಗೆ ಮುನ್ನ ಅದನ್ನು ಮತ್ತೆ ಕಂಬಕ್ಕೇರಿಸುತ್ತೇವೆ. ಈ ಸಲ ಬೀಗದ ಕೈ ದೊಡ್ಡಪ್ಪನ ಮಳೆ ಪುಸ್ತಕದೊಳಗೆ, ಒಂದು ಹಾಳೆಯ ಮೇಲೆ ಬರೆದ ರೂಪದಲ್ಲಿ, ನಮ್ಮ ಮನೆಯಲ್ಲಿಯೇ ಇರುತ್ತದೆ.